ಮೀನಿನ ಮರಿಯ ಮೊದಲ ತುತ್ತು

ಮಗುವಿಗೆ ಆರು ತಿಂಗಳು ತುಂಬಿದಾಗ ಅನ್ನಪ್ರಾಶನ ಮಾಡುವುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದ ವಾಡಿಕೆ. ಅಲ್ಲಿಯವರೆಗೆ ತಾಯಿಯ ಹಾಲು ಮಗುವನ್ನು ಪೋಷಿಸುತ್ತದೆ. ಅನ್ನದ ಮೊದಲ ತುತ್ತು ಬಾಯಿಗೆ ಬೀಳುವ ಹೊತ್ತಿಗೆ ಅದನ್ನು ಅರಗಿಸಿಕೊಳ್ಳುವ ಶಕ್ತಿಯೂ ಅದಕ್ಕೆ ಬಂದಿರುತ್ತದೆ. ಕಡಲಿನಲ್ಲಿ ಹುಟ್ಟುವ ಬಹುಪಾಲು ಮೀನಿನ ಮರಿಗಳಿಗೆ ಈ ಭಾಗ್ಯವಿಲ್ಲ. ತಾಯಿ ಮೊಟ್ಟೆಗಳನ್ನು ನೀರಿಗೆ ಬಿಟ್ಟು ತನ್ನ ದಾರಿ ಹಿಡಿಯುತ್ತದೆ. ಮರಿಯ ಹೊಟ್ಟೆಗೆ ಅಂಟಿಕೊಂಡಿರುವ ಹಳದಿಚೀಲವೊಂದೇ ಅದರ ಪಿತ್ರಾರ್ಜಿತ ಆಸ್ತಿ. ಮೂರು ನಾಲ್ಕು ದಿನಗಳಲ್ಲಿ ಅದೂ ಕರಗಿಹೋಗುತ್ತದೆ. ಅಷ್ಟರೊಳಗೆ ಮರಿಗೆ ಕಣ್ಣು ಮೂಡಬೇಕು, ಬಾಯಿ ತೆರೆಯಬೇಕು, ಬೇಟೆ ಕೈಗೂಡಬೇಕು. ಉಪವಾಸವು ಕೆಲವು ದಿನ ಮುಂದುವರಿದರೆ, ಆಮೇಲೆ ಎಷ್ಟೇ ಆಹಾರ ದೊರೆತರೂ ಮರಿ ಚೇತರಿಸಿಕೊಳ್ಳಲಾರದು.

ಕಡಲಿನಲ್ಲಿ ಒಂದು ವರ್ಷ ಮೀನು ವಿಪುಲವಾಗಿಯೂ ಇನ್ನೊಂದು ವರ್ಷ ವಿರಳವಾಗಿಯೂ ಹುಟ್ಟಿ ಬೆಳೆಯುವುದೇಕೆ? ಈ ಪ್ರಶ್ನೆಗೆ ನಾರ್ವೆಯ ವಿಜ್ಞಾನಿ ಯೋಹಾನ್ ಯೋರ್ಟ್ ೧೯೧೪ರಲ್ಲಿ ಒಂದು ಉತ್ತರವನ್ನು ಸೂಚಿಸಿದರು. ಎಷ್ಟು ಮೊಟ್ಟೆಗಳು ಹುಟ್ಟಿದುವು ಎಂಬುದಲ್ಲ, ಹಳದಿಚೀಲ ಬರಿದಾಗುವ ಆ ಸಂಧಿಕಾಲದಲ್ಲಿ ಮರಿಗಳಿಗೆ ತಕ್ಕ ಆಹಾರ ದೊರೆಯಿತೇ ಇಲ್ಲವೇ ಎಂಬುದೇ ಮುಖ್ಯವೆಂದು ಅವರ ಮತ. ಕಡಲಿನ ಮಟ್ಟಿಗೆ ಈ ಮತ ಎಷ್ಟರಮಟ್ಟಿಗೆ ನಿಜವೆಂಬ ಚರ್ಚೆ ಇಂದಿಗೂ ನಡೆದಿದೆ. ಆದರೆ ಮೀನು ಸಾಕುವವನ ತೊಟ್ಟಿಯ ಮಟ್ಟಿಗೆ ಅದು ಅಕ್ಷರಶಃ ಸತ್ಯ. ಅಲ್ಲಿ ಕಡಲಿನ ಕೆಲಸವನ್ನು ಮನುಷ್ಯನೇ ಮಾಡಬೇಕು.

ಈ ಕೆಲಸ ಇಂದು ಸಣ್ಣದಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಂತೆ ೨೦೨೨ರಲ್ಲಿ ಜಗತ್ತಿನಲ್ಲಿ ಸಾಕಿ ಬೆಳೆಸಿದ ಮೀನು, ಸೀಗಡಿ ಮುಂತಾದ ಜಲಪ್ರಾಣಿಗಳ ತೂಕ ೯.೪೪ ಕೋಟಿ ಟನ್. ಬಲೆ ಬೀಸಿ ಹಿಡಿದವುಗಳ ತೂಕ ೯.೧ ಕೋಟಿ ಟನ್. ಸಾಕಣೆಯು ಬೇಟೆಯನ್ನು ಮೀರಿದುದು ಅದೇ ಮೊದಲು. ಬೆಳೆದ ಮೀನಿಗೆ ಹಿಟ್ಟು, ಹಿಂಡಿ, ಎಣ್ಣೆಗಳನ್ನು ಕಲಸಿ ಮಾಡಿದ ಒಣ ಉಂಡೆಗಳನ್ನು ಹಾಕಬಹುದು. ಆದರೆ ಕೂದಲಿನಷ್ಟು ತೆಳ್ಳಗಿರುವ ಮರಿಗೆ? ಅದಕ್ಕೆ ಜೀವಂತ ಆಹಾರವೇ ಬೇಕೆ, ಅಥವಾ ಕಾರ್ಖಾನೆಯಲ್ಲಿ ಮಾಡಿದ ಪುಡಿ ಸಾಕೆ? ಈ ಪ್ರಶ್ನೆಯನ್ನು ವಿಜ್ಞಾನಿಗಳು ಹಲವು ದಶಕಗಳಿಂದ ಕೇಳುತ್ತ ಬಂದಿದ್ದಾರೆ. ಭೌತಶಾಸ್ತ್ರವನ್ನು ಪಾಠ ಹೇಳುವವನಿಗೆ ಮೀನಿನ ಗೊಡವೆ ಏಕೆಂದು ಓದುಗರು ಕೇಳಬಹುದು. ಈ ಸಮಸ್ಯೆಯ ಅರ್ಧಭಾಗ ಭೌತಶಾಸ್ತ್ರದ್ದೇ ಎಂಬುದು ಮುಂದೆ ತಿಳಿಯುತ್ತದೆ.

ಬಡ ಮರಿ, ಸಿರಿವಂತ ಮರಿ

ಎಲ್ಲ ಮೀನಿನ ಮರಿಗಳೂ ಒಂದೇ ಬಗೆಯವಲ್ಲ. ಸಾಲ್ಮನ್ ಮೀನಿನ ಮೊಟ್ಟೆಯ ವ್ಯಾಸ ಸುಮಾರು ೫ ಮಿಲಿಮೀಟರು. ಮೆಡಿಟರೇನಿಯನ್ ಕಡಲಿನ ಸೀಬ್ರೀಮ್ ಮೀನಿನ ಮೊಟ್ಟೆಯ ವ್ಯಾಸ ಸುಮಾರು ೧ ಮಿಲಿಮೀಟರು. ವ್ಯಾಸದಲ್ಲಿ ಐದರಷ್ಟು ಅಂತರವಿದ್ದರೆ ಗಾತ್ರದಲ್ಲಿ ೫ × ೫ × ೫, ಅಂದರೆ ೧೨೫ರಷ್ಟು ಅಂತರ. ಸಾಲ್ಮನ್ ಮರಿ ಈ ದೊಡ್ಡ ಭಂಡಾರವನ್ನು ವಾರಗಟ್ಟಲೆ ಉಣ್ಣುತ್ತ, ಅಂಗಾಂಗಗಳನ್ನೆಲ್ಲ ರೂಪಿಸಿಕೊಂಡು, ಎರಡೂವರೆ ಸೆಂಟಿಮೀಟರಿನಷ್ಟು ಬೆಳೆದಮೇಲೆ ಬಾಯಿ ಚಾಚುತ್ತದೆ. ಅದಕ್ಕೆ ಒಣ ಪುಡಿಯನ್ನು ನೇರವಾಗಿ ಹಾಕಬಹುದು. ಅದು ತಿಂದು ಬೆಳೆಯುತ್ತದೆ.

ಸೀಬ್ರೀಮ್ ಮರಿಯಾದರೋ ಬಡವರ ಮನೆಯ ಕೂಸು. ಬಾಯಿ ತೆರೆಯುವಾಗ ಅದರ ಉದ್ದ ಮೂರು ನಾಲ್ಕು ಮಿಲಿಮೀಟರು. ಬಾಯಿಯ ಅಗಲ ಒಂದು ಮಿಲಿಮೀಟರಿನ ಹತ್ತರಲ್ಲಿ ಎರಡು ಮೂರು ಪಾಲು ಮಾತ್ರ. ಕರುಳು ಒಂದು ನೇರವಾದ ಕೊಳವೆ. ಜಠರ ಇನ್ನೂ ಮೂಡಿಲ್ಲ. ಆದುದರಿಂದ ಆಮ್ಲವೂ ಇಲ್ಲ, ಆಮ್ಲದಲ್ಲಿ ಕೆಲಸ ಮಾಡುವ ಪೆಪ್ಸಿನ್ ಎಂಬ ಕಿಣ್ವವೂ ಇಲ್ಲ. ಇಷ್ಟರಮೇಲೆ ಅದು ಬೆಳೆಯುವ ವೇಗವನ್ನು ನೋಡಿರಿ. ಮರಿಯೊಂದು ದಿನಕ್ಕೆ ನೂರಕ್ಕೆ ೨೦ರಂತೆ ತೂಕದಲ್ಲಿ ಬೆಳೆಯುತ್ತದೆಂದು ಭಾವಿಸೋಣ. ಚಕ್ರಬಡ್ಡಿಯ ಲೆಕ್ಕದಂತೆ ೪೦ ದಿನಗಳಲ್ಲಿ ಅದು ೧,೪೦೦ ಪಟ್ಟಿಗೂ ಹೆಚ್ಚಾಗುತ್ತದೆ. ಇಂತಹ ಬೆಳೆವಣಿಗೆಗೆ ಪ್ರೋಟೀನು ಎಡೆಬಿಡದೆ ಒದಗುತ್ತಿರಬೇಕು. ಒಂದು ಹೊತ್ತು ತಪ್ಪಿದರೂ ಲೆಕ್ಕ ಕೆಡುತ್ತದೆ.

ಎರಡು ಆಕಸ್ಮಿಕ ಮಿತ್ರರು

ಕಡಲಿನಲ್ಲಿ ಇಂತಹ ಮರಿಗಳು ಕೋಪಿಪಾಡ್ ಎಂಬ ಅತಿ ಚಿಕ್ಕ ಕಠಿಣಚರ್ಮಿಗಳ ಎಳೆಯ ಮರಿಗಳನ್ನು ಹಿಡಿದು ತಿನ್ನುತ್ತವೆ. ತೊಟ್ಟಿಯಲ್ಲಿ ಕೋಪಿಪಾಡುಗಳನ್ನು ದಟ್ಟವಾಗಿ ಬೆಳೆಸುವುದು ಕಷ್ಟ. ಅವುಗಳ ಬದಲು ಮೀನು ಸಾಕುವವರ ಕೈಹಿಡಿದುವು ಬೇರೆ ಎರಡು ಜೀವಿಗಳು.

ಮೊದಲನೆಯದು ಬ್ರಾಕಿಯೋನಸ್ ಎಂಬ ರೋಟಿಫರ. ತಲೆಯ ಸುತ್ತಲಿನ ರೋಮಗಳನ್ನು ಚಕ್ರ ತಿರುಗಿದಂತೆ ಆಡಿಸುತ್ತ ನಿಧಾನವಾಗಿ ಈಜುವ ಪ್ರಾಣಿ ಇದು. ಉದ್ದ ಮಿಲಿಮೀಟರಿನ ಹತ್ತರಲ್ಲಿ ಒಂದರಿಂದ ಮೂರು ಪಾಲು. ಜಪಾನಿನ ಈಲ್ ಮೀನಿನ ಕೊಳಗಳಲ್ಲಿ ಇದು ಒಮ್ಮಿಂದೊಮ್ಮೆಗೆ ಹೆಚ್ಚಿ, ನೀರಿನ ಹಸಿರನ್ನೆಲ್ಲ ತಿಂದು ತೇಗುತ್ತಿದ್ದಿತು. ಅಲ್ಲಿನವರು ಇದನ್ನು ಒಂದು ಪೀಡೆಯೆಂದೇ ಎಣಿಸಿದ್ದರು. ತಕಾಶಿ ಇತೋ ಎಂಬ ವಿಜ್ಞಾನಿ ಈ ಪೀಡೆಯನ್ನು ಕಡಲ ನೀರಿನಲ್ಲಿ ಸಾಕುವ ಬಗೆಯನ್ನು ೧೯೬೦ರಲ್ಲಿ ತಿಳಿಸಿದರು. ಮೀನಿನ ಮರಿಯ ಬಾಯಿಗೆ ಹಿಡಿಸುವ ಗಾತ್ರ, ತಪ್ಪಿಸಿಕೊಳ್ಳಲಾರದ ಮಂದಗತಿ, ಗಂಡಿನ ಹಂಗಿಲ್ಲದೆ ದಿನದಿನಕ್ಕೂ ಮರಿಹಾಕುವ ಶಕ್ತಿ—ಈ ಮೂರೂ ಗುಣಗಳು ಒಂದೇ ಜೀವಿಯಲ್ಲಿ ಕೂಡಿದ್ದುವು.

ಎರಡನೆಯದು ಆರ್ಟೀಮಿಯ, ಅಂದರೆ ಉಪ್ಪುನೀರಿನ ಸೀಗಡಿ. ಕಡಲಿಗಿಂತ ಹಲವು ಪಟ್ಟು ಉಪ್ಪಾದ ಸರೋವರಗಳಲ್ಲಿ ಇದರ ವಾಸ. ಕಾಲ ಅನುಕೂಲವಾಗಿಲ್ಲದಾಗ ಇದು ಗಟ್ಟಿ ಸಿಪ್ಪೆಯ ಸುಪ್ತ ಮೊಟ್ಟೆಗಳನ್ನಿಡುತ್ತದೆ. ಒಳಗಿನ ಭ್ರೂಣ ಬಹುಮಟ್ಟಿಗೆ ಒಣಗಿ, ಟ್ರೆಹಲೋಸ್ ಎಂಬ ಸಕ್ಕರೆಯ ರಕ್ಷಣೆಯಲ್ಲಿ ವರ್ಷಗಟ್ಟಲೆ ನಿದ್ರಿಸುತ್ತದೆ. ಈ ಕಂದು ಬಣ್ಣದ ಪುಡಿಯನ್ನು ಡಬ್ಬಿಗಳಲ್ಲಿ ತುಂಬಿಡಬಹುದು. ಬೇಕಾದಾಗ ಬೆಚ್ಚನೆಯ ಕಡಲ ನೀರಿಗೆ ಹಾಕಿ, ಗಾಳಿಯೂದಿ, ಬೆಳಕು ತೋರಿದರೆ ಸುಮಾರು ೨೪ ಗಂಟೆಗಳಲ್ಲಿ ಅರ್ಧ ಮಿಲಿಮೀಟರು ಉದ್ದದ ಮರಿಗಳು ಕಿಕ್ಕಿರಿದು ಈಜಾಡುತ್ತವೆ. ಒಳ್ಳೆಯ ಮಾದರಿಯ ಒಂದು ಗ್ರಾಮಿನಿಂದ ಎರಡು ಲಕ್ಷಕ್ಕೂ ಹೆಚ್ಚು ಮರಿಗಳು ಹೊರಬೀಳುತ್ತವೆ. ಇವು ಮೀನಿನ ಮರಿಗಳಿಗೆ ಒಳ್ಳೆಯ ಆಹಾರವೆಂಬುದನ್ನು ಅಮೆರಿಕದ ಆಲ್ವಿನ್ ಸೀಲ್ ೧೯೩೩ರಲ್ಲಿಯೂ ನಾರ್ವೆಯ ಗುನ್ನರ್ ರೊಲೆಫ್ಸೆನ್ ೧೯೩೯ರಲ್ಲಿಯೂ ತೋರಿಸಿದರು.

ಹೀಗೆ ಸೀಬ್ರೀಮ್ ಮರಿಯ ಊಟದ ಕ್ರಮ ಏರ್ಪಟ್ಟಿದೆ. ಮೊದಲು ರೋಟಿಫರ, ಎರಡು ಮೂರು ವಾರಗಳ ಮೇಲೆ ಆರ್ಟೀಮಿಯ, ಸುಮಾರು ೪೦ ದಿನಗಳ ಹೊತ್ತಿಗೆ ಒಣ ಆಹಾರ. ರೋಟಿಫರವನ್ನು ಬೆಳೆಸಲು ಹಸಿರು ಶೈವಲ ಬೇಕು, ಇಲ್ಲವೆ ಯೀಸ್ಟ್ ಬೇಕು. ಮೀನಿಗಾಗಿ ರೋಟಿಫರ, ರೋಟಿಫರಕ್ಕಾಗಿ ಶೈವಲ—ಒಂದು ಮರಿ ಸಾಕಲು ಮೂರು ಬೇಸಾಯ! ಒಂದು ತೊಟ್ಟಿಯ ರೋಟಿಫರಗಳು ಒಂದು ರಾತ್ರಿ ಸತ್ತುಹೋದರೆ ಮರುದಿನ ಲಕ್ಷಗಟ್ಟಲೆ ಮರಿಗಳು ಹಸಿದಿರಬೇಕಾಗುತ್ತದೆ. ಆದುದರಿಂದಲೇ ಪುಡಿಯ ಆಹಾರದ ಮೇಲೆ ಎಲ್ಲರ ಕಣ್ಣು.

ಒಂದು ಕಣದ ಇಕ್ಕಟ್ಟು

ಪುಡಿಯ ಕಣವೊಂದನ್ನು ನೀರಿಗೆ ಹಾಕಿದರೆ ಏನಾಗುತ್ತದೆ? ಮೊದಲನೆಯದಾಗಿ ಅದು ಮುಳುಗುತ್ತದೆ. ಸ್ನಿಗ್ಧ ದ್ರವದಲ್ಲಿ ಸಣ್ಣ ಗೋಳವು ಬೀಳುವ ವೇಗವನ್ನು ಸ್ಟೋಕ್ಸ್ ೧೮೫೧ರಲ್ಲಿ ಲೆಕ್ಕಹಾಕಿದ್ದು ಕಾಲೇಜು ವಿದ್ಯಾರ್ಥಿಗಳಿಗೆ ಪರಿಚಿತ. ವೇಗವು ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಕಣದ ಸಾಂದ್ರತೆ ನೀರಿಗಿಂತ ನೂರಕ್ಕೆ ಹತ್ತರಷ್ಟು ಹೆಚ್ಚೆಂದಿಟ್ಟುಕೊಳ್ಳೋಣ. ಮಿಲಿಮೀಟರಿನ ಹತ್ತನೆಯ ಒಂದು ಪಾಲು ವ್ಯಾಸದ ಕಣವು ಸೆಕೆಂಡಿಗೆ ಸುಮಾರು ಅರ್ಧ ಮಿಲಿಮೀಟರು ಇಳಿಯುತ್ತದೆ. ಒಂದು ಮೀಟರು ಆಳದ ತೊಟ್ಟಿಯ ತಳ ಸೇರಲು ಅದಕ್ಕೆ ಸುಮಾರು ಅರ್ಧ ಗಂಟೆ ಬೇಕು. ಮೂರು ಪಟ್ಟು ದೊಡ್ಡ ಕಣಕ್ಕೆ ಸುಮಾರು ನಾಲ್ಕೇ ನಿಮಿಷ ಸಾಕು. ತಳ ಸೇರಿದ ಆಹಾರವನ್ನು ಮರಿ ಮುಟ್ಟುವುದಿಲ್ಲ. ಅಲ್ಲಿ ಅದು ಕೊಳೆತು ಬ್ಯಾಕ್ಟೀರಿಯಗಳಿಗೆ ಔತಣವಾಗುತ್ತದೆ.

ಹಾಗಾದರೆ ಕಣವನ್ನು ಸಣ್ಣದಾಗಿಯೇ ಮಾಡಿದರಾಯಿತಲ್ಲವೆ? ಇಲ್ಲಿ ಎರಡನೆಯ ತೊಡಕು ತಲೆಹಾಕುತ್ತದೆ. ಮರಿಗೆ ಸುಲಭವಾಗಿ ಅರಗುವ ಅಮೈನೊ ಆಮ್ಲಗಳು, ಜೀವಸತ್ವಗಳು ನೀರಿನಲ್ಲಿ ಕರಗುವಂತಹವು. ಕಣದ ಒಳಗಿನಿಂದ ಅವು ವಿಸರಣದಿಂದ ಹೊರಗೆ ಸೋರುತ್ತವೆ. ವಿಸರಣಕ್ಕೆ ಹಿಡಿಯುವ ಕಾಲವೂ ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ನಮ್ಮ ಸಣ್ಣ ಕಣಕ್ಕೆ ಲೆಕ್ಕಹಾಕಿದರೆ ಅದು ಕೆಲವೇ ಸೆಕೆಂಡುಗಳು! ಅಂಟುದ್ರವ್ಯಗಳನ್ನು ಸೇರಿಸಿ ಸೋರಿಕೆಯನ್ನು ನಿಧಾನಗೊಳಿಸಬಹುದು; ಆದರೂ ಕೆಲವು ನಿಮಿಷಗಳಲ್ಲಿ ಕರಗುವ ಸಾರದ ಹೆಚ್ಚಿನ ಭಾಗ ನೀರುಪಾಲಾಗುತ್ತದೆ.

ಇದರ ಸ್ವಾರಸ್ಯವನ್ನು ಗಮನಿಸಿರಿ. ವ್ಯಾಸವನ್ನು ಎರಡರಷ್ಟು ಮಾಡಿದರೆ ಸಾರವು ನಾಲ್ಕರಷ್ಟು ಹೊತ್ತು ಉಳಿಯುತ್ತದೆ. ಆದರೆ ಕಣವು ನಾಲ್ಕನೆಯ ಒಂದು ಪಾಲು ಹೊತ್ತಿನಲ್ಲಿಯೇ ಮುಳುಗುತ್ತದೆ. ವ್ಯಾಸವನ್ನು ಅರ್ಧಮಾಡಿದರೆ ಇದಕ್ಕೆ ತಿರುಗುಮುರುಗು. ಮುಳುಗುವ ಕಾಲ ಮತ್ತು ಸೋರುವ ಕಾಲ ಇವೆರಡರ ಗುಣಲಬ್ಧ ಬದಲಾಗುವುದೇ ಇಲ್ಲ. ಕಣದ ಗಾತ್ರವನ್ನು ಹೇಗೆ ಬದಲಾಯಿಸಿದರೂ ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ಕಳೆದುಕೊಳ್ಳಬೇಕು. ತಳದಿಂದ ನೀರನ್ನು ಮೇಲಕ್ಕೆ ಚಿಮ್ಮಿಸಿ ಕಣಗಳನ್ನು ತೇಲಿಸಬಹುದು; ಆದರೆ ಆ ಸೆಳೆತ ಹೆಚ್ಚಾದರೆ ಎಳೆಯ ಮರಿಯೇ ದಣಿದುಹೋಗುತ್ತದೆ.

ರೋಟಿಫರವಾದರೋ ಈ ಎರಡು ತೊಡಕುಗಳನ್ನೂ ಒಟ್ಟಿಗೆ ಪರಿಹರಿಸಿದೆ. ಅದು ತಾನೇ ಈಜುತ್ತದೆ, ಆದುದರಿಂದ ಮುಳುಗುವುದಿಲ್ಲ. ಅದರ ಜೀವಕೋಶಗಳ ಪೊರೆ ಅಮೈನೊ ಆಮ್ಲಗಳನ್ನು ಒಳಗೇ ಹಿಡಿದಿಡುತ್ತದೆ, ಆದುದರಿಂದ ಸೋರುವುದಿಲ್ಲ. ಇದಲ್ಲದೆ ಮೀನಿನ ಮರಿ ಕಣ್ಣಿನಿಂದ ಬೇಟೆಯಾಡುತ್ತದೆ. ಮಿಸುಕಾಡುವ ವಸ್ತು ಅದರ ಗಮನವನ್ನು ಸೆಳೆದಂತೆ ಜಡವಾದ ಕಣ ಸೆಳೆಯದು.

ಬೇಟೆ ಕಣ್ಣಿಗೆ ಬಿದ್ದರೂ ಅದನ್ನು ನುಂಗುವುದು ಸುಲಭವಲ್ಲ. ಮೀನು ಥಟ್ಟನೆ ಬಾಯಿ ತೆರೆದು ನೀರಿನೊಡನೆ ಬೇಟೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನೀರಿನ ಜಡತ್ವ ಮತ್ತು ಸ್ನಿಗ್ಧತೆ ಇವುಗಳಲ್ಲಿ ಯಾವುದು ಪ್ರಬಲವೆಂಬುದನ್ನು ರೆನಾಲ್ಡ್ಸ್ ಸಂಖ್ಯೆ ತಿಳಿಸುತ್ತದೆ. ಈಜುವ ಮನುಷ್ಯನಿಗೆ ಅದು ಹತ್ತು ಲಕ್ಷಕ್ಕೂ ಮೇಲೆ. ನಾಲ್ಕು ಮಿಲಿಮೀಟರಿನ ಮರಿ ಸೆಕೆಂಡಿಗೆ ಒಂದು ಸೆಂಟಿಮೀಟರು ಚಲಿಸಿದರೆ ಅದು ಕೇವಲ ೪೦. ಪುಟ್ಟ ಬಾಯಿಯ ಬಳಿ ಇನ್ನೂ ಕಡಮೆ. ಅಂದರೆ ನಮಗೆ ತೆಳ್ಳಗಿರುವ ನೀರು ಮರಿಗೆ ಪಾನಕವಲ್ಲ, ಪಾಕ! ಇಸ್ರೇಲಿನ ವಿಕ್ಟರ್ ಚೀನಾ ಮತ್ತು ರೋಯಿ ಹೋಲ್ಜ್‌ಮನ್ ಇದನ್ನು ಸೀಬ್ರೀಮ್ ಮರಿಗಳಲ್ಲಿ ಪರೀಕ್ಷಿಸಿ ೨೦೧೪ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸ್ವಲ್ಪ ಬೆಳೆದ ಮರಿಗಳು ಬೇಟೆಯಲ್ಲಿ ಚುರುಕು. ಆದರೆ ನೀರಿನ ಸ್ನಿಗ್ಧತೆಯನ್ನು ಹೆಚ್ಚಿಸಿದಾಗ ಅವೂ ಎಳೆಯ ಮರಿಗಳಂತೆಯೇ ತಡವರಿಸಿದುವು. ಸುತ್ತಲೂ ಆಹಾರವಿದ್ದರೂ ಎಳೆಯ ಮರಿ ಹಸಿದು ಸಾಯುವುದಕ್ಕೆ ನೀರಿನ ಈ ಅಂಟೂ ಒಂದು ಕಾರಣವೆಂದು ಇದರಿಂದ ತಿಳಿದುಬಂದಿತು.

ಹೊಟ್ಟೆಯೊಳಗಿನ ಕಥೆ

ಪುಡಿಯು ಮರಿಯ ಬಾಯೊಳಗೆ ಹೋಯಿತೆಂದೇ ಇಟ್ಟುಕೊಳ್ಳೋಣ. ಅದು ಅರಗೀತೆ? ಮರಿಗೆ ಸ್ವಂತ ಕಿಣ್ವಗಳು ಸಾಲವು, ಅದು ತಿಂದ ರೋಟಿಫರದ ಕಿಣ್ವಗಳೇ ಅರಗಿಸುವ ಕೆಲಸಕ್ಕೆ ನೆರವಾಗುತ್ತವೆ ಎಂದು ಬಹಳ ಕಾಲ ನಂಬಲಾಗಿತ್ತು. ಅಳೆದು ನೋಡಿದಾಗ ಈ ನೆರವು ತೀರ ಅಲ್ಪವೆಂದು ಕಂಡುಬಂದಿತು. ಜಠರವಿಲ್ಲದಿರುವುದೇ ಕಾರಣವೆನ್ನೋಣವೆ? ಗೆಂಡೆ ಮೀನಿಗೆ ಜನ್ಮದಲ್ಲಿಯೇ ಜಠರವಿಲ್ಲ. ಆದರೂ ಸಾಮಾನ್ಯ ಗೆಂಡೆಯ ಮರಿಯನ್ನು ಮೊದಲ ತುತ್ತಿನಿಂದಲೇ ಒಣ ಆಹಾರದಲ್ಲಿ ಬೆಳೆಸಬಹುದೆಂದು ೧೯೮೦ರ ದಶಕದಲ್ಲಿಯೇ ತೋರಿಸಲಾಗಿತ್ತು.

ಈ ಒಗಟನ್ನು ಬಿಡಿಸಲು ಹೊರಟವರಲ್ಲಿ ಫ್ರಾನ್ಸಿನ ಬ್ರೆಸ್ಟ್ ನಗರದಲ್ಲಿರುವ ಸಾಗರ ಸಂಶೋಧನ ಸಂಸ್ಥೆಯ ಶಾಂತಾಲ್ ಕಾಹು ಮತ್ತು ಹೋಸೆ ಸಾಂಬೋನಿನೊ ಇನ್ಫಾಂಟೆ ಮುಖ್ಯರು. ಬಾಯಿ ತೆರೆಯುವ ವೇಳೆಗೇ ಮರಿಯಲ್ಲಿ ಟ್ರಿಪ್ಸಿನ್ ಮುಂತಾದ ಕಿಣ್ವಗಳು ಇರುತ್ತವೆ. ಕೊಟ್ಟ ಆಹಾರ ಆ ಕಿಣ್ವಗಳಿಗೆ ತಕ್ಕುದಲ್ಲದಿರುವುದೇ ದೋಷ ಎಂದು ಅವರು ತರ್ಕಿಸಿದರು. ಪ್ರೋಟೀನಿನ ಸ್ವಲ್ಪ ಭಾಗವನ್ನು ಮೊದಲೇ ಸಣ್ಣ ತುಂಡುಗಳಾಗಿ ಒಡೆದು ಸೇರಿಸಿದರು; ಕೊಬ್ಬಿನಲ್ಲಿ ಫಾಸ್ಫೋಲಿಪಿಡುಗಳ ಪಾಲನ್ನು ಹೆಚ್ಚಿಸಿದರು. ಹೀಗೆ ಮಾಡಿದ ಪುಡಿಯಿಂದಲೇ, ಜೀವಂತ ಆಹಾರದ ಸೋಂಕಿಲ್ಲದೆ, ಯೂರೋಪಿನ ಸೀಬಾಸ್ ಮೀನಿನ ಮರಿಗಳನ್ನು ಮೊದಲ ತುತ್ತಿನಿಂದ ಸಾಕಿದ ವರದಿಯನ್ನು ಅವರೂ ಅವರ ಸಂಗಡಿಗರೂ ೧೯೯೮ರಲ್ಲಿ ಪ್ರಕಟಿಸಿದರು. ಒಡೆದ ಪ್ರೋಟೀನು ಹಿತಮಿತವಾಗಿದ್ದರೆ ಮಾತ್ರ ಲಾಭ. ಮಿತಿಮೀರಿದರೆ ಬೆಳೆವಣಿಗೆ ಕುಂಠಿತವಾಗುತ್ತದೆ ಎಂಬುದೂ ತಿಳಿದುಬಂದಿತು.

ಅಸಾಧ್ಯವೆಂದುಕೊಂಡುದು ಸಾಧ್ಯವೆಂದಾಯಿತು. ಆದರೆ ಪ್ರಯೋಗಶಾಲೆಯಲ್ಲಿ ಸಾಧ್ಯವಾದುದೆಲ್ಲ ವ್ಯವಹಾರದಲ್ಲಿ ಲಾಭಕರವಾಗುವುದಿಲ್ಲ. ಜೀವಂತ ಆಹಾರ ತಿಂದ ಮರಿಗಳಷ್ಟು ವೇಗವಾಗಿ ಪುಡಿ ತಿಂದವು ಬೆಳೆಯಲಿಲ್ಲ. ಆದುದರಿಂದ ಕಡಲ ಮೀನಿನ ಮರಿಕೇಂದ್ರಗಳಲ್ಲಿ ಇಂದಿಗೂ ಸಾಮಾನ್ಯವಾಗಿ ಅನುಸರಿಸುವುದು ಮಧ್ಯಮಮಾರ್ಗ: ಮೊದಲು ಜೀವಂತ ಆಹಾರ, ಅನಂತರ ಕೆಲವು ದಿನ ಎರಡೂ, ಕೊನೆಗೆ ಪುಡಿ ಮಾತ್ರ. ಎರಡನ್ನೂ ಕೂಡಿಸಿ ಕೊಟ್ಟಾಗ ಮರಿ ಪುಡಿಯನ್ನು ಬೇಗ ಒಪ್ಪಿಕೊಳ್ಳುತ್ತದೆ.

ಜೀವಂತ ಆಹಾರದ ಕುಂದುಗಳು

ಇಷ್ಟನ್ನು ಓದಿ ಜೀವಂತ ಆಹಾರ ಸರ್ವಗುಣಸಂಪನ್ನವೆಂದು ತಿಳಿಯಬಾರದು. ಮೀನಿನ ಮರಿಯ ಮಿದುಳಿಗೂ ಅಕ್ಷಿಪಟಲಕ್ಕೂ ಡಿ.ಎಚ್.ಎ. ಎಂಬ ಮೇದಾಮ್ಲ ಅತ್ಯವಶ್ಯಕ. ೨೨ ಇಂಗಾಲದ ಪರಮಾಣುಗಳ ಸರಪಣಿಯಾದ ಇದನ್ನು ಕಡಲಿನ ಹೆಚ್ಚಿನ ಮೀನುಗಳು ಬೇಕಾದಷ್ಟು ತಯಾರಿಸಿಕೊಳ್ಳಲಾರವು. ಕೋಪಿಪಾಡಿನಲ್ಲಿ ಇದು ಹೇರಳವಾಗಿದೆ. ಆರ್ಟೀಮಿಯದಲ್ಲಿ ಇಲ್ಲವೆಂದರೂ ಸಲ್ಲುತ್ತದೆ. ಈ ಕೊರತೆಯನ್ನು ತುಂಬಲು, ಆರ್ಟೀಮಿಯ ಮರಿಗಳಿಗೆ ಮೀನೆಣ್ಣೆಯ ಕಲಿಲವನ್ನು ತಿನ್ನಿಸಿ, ಅನಂತರ ಅವನ್ನು ಮೀನಿನ ಮರಿಗೆ ಉಣಿಸುತ್ತಾರೆ. ಆರ್ಟೀಮಿಯ ಇಲ್ಲಿ ಆಹಾರವೂ ಹೌದು, ಔಷಧ ತುಂಬಿದ ಗುಳಿಗೆಯೂ ಹೌದು. ಇದಲ್ಲದೆ ಜೀವಂತ ಆಹಾರದೊಡನೆ ರೋಗಕಾರಕ ಬ್ಯಾಕ್ಟೀರಿಯಗಳೂ ತೊಟ್ಟಿಯನ್ನು ಹೊಗುವುದುಂಟು.

ಎಲ್ಲಕ್ಕಿಂತ ದೊಡ್ಡ ಚಿಂತೆ ಸರಬರಾಜಿನದು. ಜಗತ್ತಿನ ಮೀನು ಮತ್ತು ಸೀಗಡಿ ಮರಿಕೇಂದ್ರಗಳು ವರ್ಷಕ್ಕೆ ಮೂರು ನಾಲ್ಕು ಸಾವಿರ ಟನ್ ಆರ್ಟೀಮಿಯ ಮೊಟ್ಟೆಗಳನ್ನು ಬಳಸುತ್ತವೆ. ಇದರಲ್ಲಿ ಹೆಚ್ಚಿನ ಪಾಲು ಬಿತ್ತಿ ಬೆಳೆದುದಲ್ಲ, ನಿಸರ್ಗದ ಉಪ್ಪು ಸರೋವರಗಳಿಂದ ಬಾಚಿದುದು. ಅವುಗಳಲ್ಲಿ ಅಮೆರಿಕದ ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್ ಬಹು ಮುಖ್ಯವಾದುದು. ಚಳಿಗಾಲ ಹತ್ತಿರವಾದಂತೆ ನೀರಿನ ಮೇಲೆ ಕಂದು ಪಟ್ಟೆಗಳಂತೆ ತೇಲುವ ಮೊಟ್ಟೆಗಳನ್ನು ವಿಮಾನದಿಂದ ಗುರುತಿಸಿ, ತೇಲುವ ಬೇಲಿಯಿಂದ ಸುತ್ತುಗಟ್ಟಿ ಎತ್ತುತ್ತಾರೆ. ಹೊಲಗಳಿಗೂ ಊರುಗಳಿಗೂ ನದಿಗಳ ನೀರು ತಿರುಗಿದುದರಿಂದಲೂ ಬರಗಾಲದಿಂದಲೂ ೨೦೨೨ರ ನವೆಂಬರಿನಲ್ಲಿ ಈ ಸರೋವರದ ಮಟ್ಟ ಹಿಂದೆಂದೂ ಕಾಣದಷ್ಟು ಕೆಳಗಿಳಿಯಿತು. ಉಪ್ಪು ಏರಿ, ಅದನ್ನು ಸಹಿಸುವುದಕ್ಕೆಂದೇ ಹುಟ್ಟಿದ ಆರ್ಟೀಮಿಯಕ್ಕೂ ಕೇಡು ತಟ್ಟೀತೆಂಬ ಭಯ ಹುಟ್ಟಿತು. ಮರುವರ್ಷ ಹೇರಳವಾಗಿ ಬಿದ್ದ ಹಿಮ ಕರಗಿ ನೀರು ಏರಿದ್ದರಿಂದ ಆ ಗಂಡಾಂತರ ಅಂದಿಗೆ ಕಳೆಯಿತು. ಭೂಮಿಯ ನಾನಾ ಕಡೆಗಳ ಮರಿಗಳ ತುತ್ತು ಇಂತಹ ಒಂದೆರಡು ಸರೋವರಗಳ ಮಳೆಹಿಮವನ್ನು ಅವಲಂಬಿಸಿರುವುದು ಕ್ಷೇಮವಲ್ಲ.

ನಮ್ಮ ಕೊಳಗಳಲ್ಲಿ

ಈ ವಿಷಯ ನಮಗೂ ಸಂಬಂಧಿಸಿದುದೇ. ಹೀರಾಲಾಲ್ ಚೌಧುರಿಯವರು ೧೯೫೭ರಲ್ಲಿ ಹಾರ್ಮೋನಿನ ಚುಚ್ಚುಮದ್ದಿನಿಂದ ಭಾರತದ ಗೆಂಡೆ ಮೀನುಗಳು ಮೊಟ್ಟೆಯಿಡುವಂತೆ ಮಾಡಿದಮೇಲೆ ಕಾಟ್ಲಾ, ರೋಹು, ಮೃಗಾಲ ಮರಿಗಳ ಉತ್ಪಾದನೆ ದೇಶದಲ್ಲೆಲ್ಲ ಹಬ್ಬಿತು. ಮರಿಗಳನ್ನು ಬಿಡುವ ಕೊಳಕ್ಕೆ ಮೊದಲೇ ಸೆಗಣಿ ಗೊಬ್ಬರ ಹಾಕಿ, ರೋಟಿಫರ, ನೀರುಚಿಗಟ ಮುಂತಾದ ಪ್ಲವಕಗಳು ಹುಟ್ಟುವಂತೆ ಮಾಡುತ್ತಾರೆ. ಮರಿ ಬಿಟ್ಟಮೇಲೆ ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡಿನ ಪುಡಿಯನ್ನು ಎರಚುತ್ತಾರೆ. ಜೀವಂತ ಆಹಾರ ಮತ್ತು ಕೃತಕ ಆಹಾರಗಳನ್ನು ಕೂಡಿಸಿ ಕೊಡುವ ಮಧ್ಯಮಮಾರ್ಗವನ್ನು ನಮ್ಮ ಮೀನು ಸಾಕಣೆಗಾರರು ಬಹು ಹಿಂದಿನಿಂದಲೇ ಅನುಸರಿಸುತ್ತಿದ್ದಾರೆ.

ಕಡಲ ಮೀನುಗಳ ವಿಚಾರ ಬೇರೆ. ಚೆನ್ನೈಯ ಕೇಂದ್ರೀಯ ಹಿನ್ನೀರು ಮೀನುಸಾಕಣೆ ಸಂಸ್ಥೆ ೧೯೯೭ರಲ್ಲಿ ಏಷ್ಯಾದ ಸೀಬಾಸ್ ಮೀನಿನ ಮರಿಗಳನ್ನು ಪಡೆಯಿತು. ಕೇಂದ್ರೀಯ ಕಡಲಮೀನು ಸಂಶೋಧನ ಸಂಸ್ಥೆ ೨೦೧೦ರಲ್ಲಿ ಮಂಡಪಂನಲ್ಲಿ ಕೋಬಿಯ ಮೀನಿನ ಮರಿಗಳನ್ನು ಪಡೆಯಿತು. ಇದೇ ಸಂಸ್ಥೆಯ ಕಾರವಾರದ ಕೇಂದ್ರ ಕಡಲಿನ ಪಂಜರಗಳಲ್ಲಿ ಇಂತಹ ಮೀನುಗಳನ್ನು ಬೆಳೆಸಿ ತೋರಿಸಿದೆ. ಈ ಮರಿಗಳಿಗೂ ಮೊದಲ ತುತ್ತು ರೋಟಿಫರ, ಎರಡನೆಯದು ಆರ್ಟೀಮಿಯ. ತೂತುಕುಡಿಯ ಉಪ್ಪಿನ ಅಗರಗಳಲ್ಲಿ ಆರ್ಟೀಮಿಯ ವಾಸಿಸುತ್ತದೆಯಾದರೂ ನಮ್ಮ ಮರಿಕೇಂದ್ರಗಳು ಹೆಚ್ಚಾಗಿ ಹೊರದೇಶದಿಂದ ಬರುವ ಡಬ್ಬಿಗಳನ್ನೇ ನೆಚ್ಚಿವೆ.

ಹಾಗಾದರೆ ಇನ್ನು ಆಗಬೇಕಾದುದೇನು? ನೀರಿನಷ್ಟೇ ಸಾಂದ್ರತೆಯುಳ್ಳ, ನೀರಿನಲ್ಲಿ ಸೋರದ, ಮರಿಯ ಕರುಳಿನಲ್ಲಿ ಮಾತ್ರ ಬಿಚ್ಚಿಕೊಳ್ಳುವ ಕಣವೊಂದು ಬೇಕು. ಕಣಕ್ಕೆ ಗಟ್ಟಿ ಪೊರೆ ಹೊದಿಸಿದರೆ ಸೋರಿಕೆ ನಿಲ್ಲುತ್ತದೆ. ಆದರೆ ಆಗ ಮರಿಗೂ ಅದನ್ನು ಒಡೆಯಲಾಗುವುದಿಲ್ಲ. ನಾವು ನುಂಗುವ ಕೆಲವು ಗುಳಿಗೆಗಳ ಹೊದಿಕೆ ಜಠರದ ಆಮ್ಲಕ್ಕೂ ಕರುಳಿನ ಕ್ಷಾರಕ್ಕೂ ಇರುವ ಅಂತರವನ್ನು ಗುರುತಿಸಿ ಕರಗುತ್ತದೆ. ಎಳೆಯ ಮರಿಯಲ್ಲಿ ಈ ಉಪಾಯ ನಡೆಯದು. ಕಡಲ ನೀರೂ ಸ್ವಲ್ಪ ಕ್ಷಾರ, ಆಮ್ಲವಿಲ್ಲದ ಅದರ ಕರುಳೂ ಸ್ವಲ್ಪ ಕ್ಷಾರ. ಒಳಗು ಹೊರಗು ಎಂಬ ಭೇದವನ್ನು ಹೊದಿಕೆ ಹೇಗೆ ತಿಳಿಯಬೇಕು? ಮರಿಯ ಕಿಣ್ವಗಳೇ ಆ ಬೀಗದ ಕೈಯಾಗಬೇಕು. ಅಂತಹ ಬೀಗವನ್ನು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಕಣಕ್ಕೆ, ಕೊಳ್ಳುವವನಿಗೆ ಎಟುಕುವ ಬೆಲೆಯಲ್ಲಿ, ಟನ್‌ಗಟ್ಟಲೆ ತೊಡಿಸುವುದು ಹೇಗೆ? ಪ್ರಾಣಿಶಾಸ್ತ್ರದ ತರಗತಿಯಲ್ಲಿರುವವರು ಮಾತ್ರವಲ್ಲದೆ ಭೌತಶಾಸ್ತ್ರ, ರಸಾಯನಶಾಸ್ತ್ರಗಳ ತರಗತಿಗಳಲ್ಲಿ ಕುಳಿತಿರುವವರೂ ಕೈಹಾಕಬಹುದಾದ ಪ್ರಶ್ನೆಯಿದು.